ಎರಡು ಸಲ ಬರೆದ ಏಳು

ಅಪ್ಪನಿಗೆ ಮಗಳ ನಮಸ್ಕಾರ.

ಇಲ್ಲಿ ಹಳೆಯ ಕಟ್ಟಡವೊಂದರ ಮರದ ಮೆಟ್ಟಿಲು ಬಿಚ್ಚಿಸಿ ದುರಸ್ತಿ ಮಾಡಿಸುತ್ತಿದ್ದೇನೆ. ಒಂದೊಂದು ಹಲಗೆಯ ಅಡಿಯಲ್ಲೂ ಆ ಕಾಲದ ಬಡಗಿ ನಂಬರು ಬರೆದಿದ್ದಾನೆ, ಥೇಟ್ ನಿಮ್ಮ ಹಾಗೆ. ಕೊನೆಯದು ಹದಿನಾಲ್ಕು ಎಂದಿತ್ತು. ನಕ್ಷೆಯಲ್ಲೂ ಹದಿನಾಲ್ಕೇ ಮೆಟ್ಟಿಲು ಬರೆದೆ. ಜೋಡಿಸುವಾಗ ನೋಡಿದರೆ ಒಂದು ಹಲಗೆ ಹೆಚ್ಚು! ಪುಣ್ಯಾತ್ಮ ಏಳನ್ನು ಎರಡು ಸಲ ಬರೆದಿದ್ದ.

"ಬಿಚ್ಚೋ ಮುಂಚೆ ಒಂದ್ಸಲ ಹತ್ತಿ ಎಣಿಸ್ಲಿಲ್ವಾ ಮೇಡಂ?" ಎಂದು ಇಲ್ಲಿನ ಬಡಗಿ ನಕ್ಕ. ನಿಮ್ಮ ಜೊತೆ ಆರು ವರ್ಷ ಉಳಿ ಹಿಡಿದವಳು, ಆರ್ಕಿಟೆಕ್ಟ್ ಆದಮೇಲೆ ಅದನ್ನೇ ಮರೆತಿದ್ದೆ.

ನನ್ನ ಕೆಮ್ಮು ವಾಸಿಯಾಯಿತು. ಕಾರ್ಡು ತುಂಬುತ್ತಾ ಬಂತು, ಇದೊಂದು ಮಾತು: ಕಳೆದ ಸಲ ಊರಿಗೆ ಬಂದಾಗ ನೀವು ಮಾಡುತ್ತಿದ್ದ ಹೊಸ ಕಪಾಟಿನ ಹಲಗೆಗಳಲ್ಲೂ ಐದು ಎರಡು ಸಲ ಇತ್ತು ಅಪ್ಪಾ. ನೋಡಿಯೂ ಸುಮ್ಮನಿದ್ದೆ. ಈ ವಾರವೇ ಕಣ್ಣು ತೋರಿಸಿಕೊಂಡು ಬನ್ನಿ.

ಪುಟ್ಟಿ