ತಾತನ ಹುಬ್ಬಿನ ಗಾಯ

ಜರ್ಸಿ ಸಿಟಿ
೨೩ ನವೆಂಬರ್ ೨೦೨೫, ಭಾನುವಾರ

ಶ್ರೀಮದಖಿಲ ಸರಸ್ವತಿಪುರಂ ಮಂಡಲಾಧೀಶ್ವರ, ಅಂಚೆಪೆಟ್ಟಿಗೆ ಸಾರ್ವಭೌಮ, ತಪ್ಪು ಪಿನ್‌ಕೋಡ್ ಮರ್ದನ, ಮಧ್ಯಾಹ್ನನಿದ್ರಾ ಧುರಂಧರ, ನಿವೃತ್ತ ಪೋಸ್ಟ್‌ಮಾಸ್ಟರ್ ಶ್ರೀ ಶ್ರೀ ಶ್ರೀ ಅಶ್ವತ್ಥನಾರಾಯಣ ತಾತನವರ ದಿವ್ಯ ಪಾದಗಳಿಗೆ, ನ್ಯೂಜೆರ್ಸಿ ಪ್ರಾಂತ್ಯದ ತಮ್ಮ ಏಕೈಕ ಮಾಂಡಲಿಕನೂ ಕೆಲಸಕ್ಕೆ ಬಾರದ ಮೊಮ್ಮಗನೂ ಆದ ಅನಿರುದ್ಧನು ಉದ್ದಂಡ ಬಿದ್ದು ಮಾಡಿಕೊಳ್ಳುವ ಬಿನ್ನಹ:

ನಾನಿಲ್ಲಿ ಬದುಕಿದ್ದೇನೆ. ನೀವಲ್ಲಿ ಬಿ.ಪಿ. ಮಾತ್ರೆ ನುಂಗಿ, ರಾಜಿ ಅತ್ತೆಯ ಕಣ್ಣು ತಪ್ಪಿಸಿ ಕೋಡುಬಳೆ ತಿಂದು ಆರಾಮಾಗಿದ್ದೀರಿ ಅಂತ ನಂಬಿದ್ದೇನೆ. ಕಾಗದ ತಡವಾಯಿತು. ತಿಂಗಳಿಗೊಂದು ಕಾಗದ, ಕನ್ನಡದಲ್ಲೇ, ಕೈಯಲ್ಲೇ ಬರೆದದ್ದು ಅಂತ ನಾವು ಈ ದೇಶಕ್ಕೆ ಹೊರಟಾಗ ತಾವು ಹೊರಡಿಸಿದ ಶಾಸನವನ್ನು ಯುಗಾದಿಯಿಂದೀಚೆಗೆ ನಾನು ಮುರಿದಿದ್ದೇನೆ. ಭಾನುವಾರದ ವಿಡಿಯೋ ಕಾಲ್ ಇದೆಯಲ್ಲ ಅಂತ ವಾದ ಹೂಡಬಹುದಿತ್ತು. ಆದರೆ ಅದರಲ್ಲಿ ನಮಗೆ ಆಗುವುದು ತಮ್ಮ ಹಣೆಯ ಮೇಲ್ಭಾಗದ್ದೂ ತಿರುಗುವ ಫ್ಯಾನಿನದ್ದೂ ದರ್ಶನ ಮಾತ್ರ. ಅಪ್ಪ ಫ್ಯಾನನ್ನು "ಊಟ ಆಯ್ತಾ?" ಅಂತ ಕೇಳುತ್ತಾರೆ, ಫ್ಯಾನು "ಆಯ್ತಪ್ಪಾ" ಅನ್ನುತ್ತದೆ, ನಾನು ಹಿಂದಿನಿಂದ ಕೈಬೀಸಿ ಫ್ರಿಜ್ ಕಡೆ ಹೋಗುತ್ತೇನೆ.

ಈಗ ಮುಖ್ಯ ವರದಿ. ತಾತ, ನಾನು ನಿಮ್ಮನ್ನು ಸತ್ತವರ ಸಾಲಿಗೆ ಸೇರಿಸಿಬಿಟ್ಟೆ.

ಗಾಬರಿಯಾಗಬೇಡಿ. ಅತ್ತೆ ಓದಿ ಹೇಳುತ್ತಿದ್ದರೆ ಅವರೂ ಒಂದು ಕುರ್ಚಿ ಎಳೆದುಕೊಳ್ಳಲಿ.

ನಮ್ಮ ಕಾಲೇಜಿನ ಮೊಗಸಾಲೆಯಲ್ಲಿ ಹಳೆಯ ಅಧ್ಯಕ್ಷರುಗಳ ಚಿತ್ರಗಳಿವೆ. ಆ ಸಾಲಿನ ಕೊನೆಗೆ ನಾನು ಟೈ ಕಟ್ಟಿದ ಆಡಿನ ಚಿತ್ರವೊಂದನ್ನು ಚೌಕಟ್ಟು ಹಾಕಿಸಿ ತೂಗುಹಾಕಿದ್ದೆ. ಒಂದು ವಾರ ಯಾರೂ ಗಮನಿಸಲಿಲ್ಲ. ಕಾಲೇಜಿನವರಿಗೆ ನಾನು ತೂಗುಹಾಕಿದ್ದಕ್ಕಿಂತ ಅದು ಯಾರ ಕಣ್ಣಿಗೂ ಬೀಳದ್ದಕ್ಕೇ ಹೆಚ್ಚು ಕೋಪ ಬಂದಂತಿತ್ತು. ಶಿಕ್ಷೆಯೆಂದರೆ ಈ ಸೆಮಿಸ್ಟರ್ ಪೂರ್ತಿ ಸಮಾಜಸೇವೆ. ಹಾಗೆ ನನ್ನನ್ನು ಕಳಿಸಿದ್ದು ಇಲ್ಲೇ ಜರ್ಸಿ ಸಿಟಿಯಲ್ಲಿರುವ ತಮಯಂತಿ ಅಕ್ಕನ ಸ್ಟುಡಿಯೋಗೆ.

ತಮಯಂತಿ ಅಕ್ಕ ಶ್ರೀಲಂಕಾದ ತಮಿಳರು. ಅಲ್ಲಿಯ ಅಂತರ್ಯುದ್ಧದಲ್ಲಿ ಸತ್ತವರ, ಕಾಣೆಯಾದವರ ಮುಖಗಳನ್ನು ಹಳೆಯ ಬಿಳಿ ಪಂಚೆಗಳ ಮೇಲೆ ಇದ್ದಿಲಿನಲ್ಲಿ ಬರೆಯುತ್ತಾರೆ. ದೊಡ್ಡ ಮನುಷ್ಯರದ್ದಲ್ಲ. ಒಬ್ಬ ದರ್ಜಿ, ಒಬ್ಬಳು ಸ್ಕೂಲ್ ಹುಡುಗಿ, ಒಬ್ಬ ಪೋಸ್ಟ್‌ಮ್ಯಾನ್ ಕೂಡ ಇದ್ದಾನೆ. ಊರಿಂದ ಊರಿಗೆ ಓಡುವಾಗ ಜನ ಫೋಟೋಗಳನ್ನೆಲ್ಲ ಕಳಕೊಂಡಿದ್ದಾರೆ. ಅದಕ್ಕೆ ಮನೆಯವರು ಅಕ್ಕನ ಎದುರಿನ ಕುರ್ಚಿಯಲ್ಲಿ ಕೂತು ಮುಖವನ್ನು ಬಾಯಲ್ಲಿ ಹೇಳುತ್ತಾರೆ, ಅಕ್ಕ ಬರೆಯುತ್ತಾರೆ. ನನ್ನ ಕೆಲಸ ಪಂಚೆ ಇಸ್ತ್ರಿ ಮಾಡುವುದು, ಇದ್ದಿಲ ಪುಡಿ ಗುಡಿಸುವುದು, ಟೀ ಕೊಡುವುದು.

ಒಬ್ಬ ಅಜ್ಜಿ ಮಗನ ತುಟಿ ಹೇಳುತ್ತಿದ್ದರು. "ಕೆಳತುಟಿ ದಪ್ಪ."

"ಇಷ್ಟು?"

"ಇಷ್ಟಿಲ್ಲ. ನನ್ನ ಹತ್ರ ದುಡ್ಡು ಕೇಳೋಕೆ ಮುಂಚೆ ಎಷ್ಟಾಗುತ್ತೋ ಅಷ್ಟು."

ಅಕ್ಕ ಒರೆಸಿ ಮತ್ತೆ ಬರೆದರು. ಅಜ್ಜಿ ನೋಡಿ, "ಕೊಡಲ್ಲ ಹೋಗೋ" ಅಂದರು, ಬಟ್ಟೆಗೆ. ನಾನು ಟೀ ಲೋಟ ಹಿಡಿದು ಅಲ್ಲೇ ನಿಂತಿದ್ದೆ. ಅವತ್ತೇ ಬುದ್ಧಿ ಬರಬೇಕಿತ್ತು.

ಒಂದು ದಿನ ನನ್ನನ್ನು ಕರೆದುಕೊಂಡು ಹೋಗಲು ಬಂದ ಗೆಳೆಯ ಮಂಜೇಶ್ ಕಿವಿಯಲ್ಲಿ ಅಂದ, "ಲೋ, ಎಲ್ಲಾ ಅಂಕಲ್‌ಗಳೂ ಒಂದೇ ಥರ ಇದಾರೆ ಕಣೋ. ಯಾರು ಏನೇ ಹೇಳ್ಲಿ, ಇವ್ರು ಬರೆಯೋದು ಒಂದೇ ಮುಖ."

"ಇಲ್ಲ ಕಣೋ."

"ಪ್ರೂವ್ ಮಾಡು."

ದೂರದ ಊರಿನವರು ಮುಖದ ವಿವರವನ್ನು ಈಮೇಲಲ್ಲೂ ಕಳಿಸುತ್ತಾರೆ. ನಾನು ಟೊರಾಂಟೊದ ಒಬ್ಬ ಸೋದರಳಿಯನಾದೆ. ಕಾಣೆಯಾದ ಮಾವ ಅಂತ ನಿಮ್ಮ ಮುಖವನ್ನು ವರ್ಣಿಸಿ ಕಳಿಸಿದೆ. ಬೋಳುತಲೆ, ಇಳಿದ ಕೆನ್ನೆ, ಎಡಹುಬ್ಬನ್ನು ಎರಡು ಭಾಗ ಮಾಡಿದ ಗಾಯ. ಪ್ರದರ್ಶನದ ಮೊದಲ ದಿನ ನಿಮ್ಮನ್ನು ವಿಡಿಯೋ ಕಾಲಲ್ಲಿ ಎಬ್ಬಿಸಿ, "ಮಾನ್ಯರೇ, ಮೃತರು ಈಗ ಎರಡು ಮಾತಾಡಲಿದ್ದಾರೆ" ಅಂತ ಘೋಷಿಸಬೇಕೆಂದಿದ್ದೆ. ಇದನ್ನು ಬರೆಯುವಾಗ ಕೈ ನಾಚುತ್ತಿದೆ. ಅವತ್ತು ಮಾತ್ರ ಒಬ್ಬನೇ ಬಾತ್‌ರೂಮಿನಲ್ಲಿ ಪ್ರಾಕ್ಟೀಸ್ ಮಾಡಿದ್ದೆ.

ಪ್ರದರ್ಶನ ೧೫ನೇ ತಾರೀಖು ಶನಿವಾರ ಶುರುವಾಯಿತು. ಪಂಚೆಗಳು ಮೇಲಿನಿಂದ ಇಳಿಬಿದ್ದಿದ್ದವು. ಜನ ನಡುವೆ ಹಾದುಹೋದಾಗ ಮುಖಗಳೆಲ್ಲ ಸ್ವಲ್ಪ ಅಲ್ಲಾಡುತ್ತಿದ್ದವು. ನಾನು ಫೋನ್ ಹೊರತೆಗೆದು ನಿಮ್ಮ ಚಿತ್ರದ ಹತ್ತಿರ ಹೋದೆ. ಅದಕ್ಕಾಗಲೇ ಯಾರೋ ಮಲ್ಲಿಗೆ ಹಾರ ಹಾಕಿದ್ದರು.

ತಾತ, ಬದುಕಿರುವವರ ಚಿತ್ರಕ್ಕೆ ಹಾರ! ಅಮ್ಮ ನೋಡಿದ್ದರೆ ಅಲ್ಲೇ ಬೀಳುತ್ತಿದ್ದರು.

ಹಾಕಿದವರು ಕೆಳಗೆ ನಿಂತಿದ್ದರು. ಯೋಗರಾಣಿ ಆಂಟಿ ಅಂತ, ಇಲ್ಲೇ ಹತ್ತಿರದ ಮೆಟುಚೆನ್ ಊರಿನವರು, ಔಷಧಿ ಅಂಗಡಿಯಲ್ಲಿ ಕೆಲಸ. ಅಪ್ಪನ ಚಿತ್ರಕ್ಕಾಗಿ ಬರುತ್ತೇನೆ ಅಂತ ಪದೇಪದೇ ಹೇಳಿ, ಮುಖ ತಪ್ಪು ಹೇಳಿಬಿಟ್ಟರೆ ಅನ್ನುವ ಭಯಕ್ಕೆ ಬರದೇ ಇದ್ದವರು. ಅವತ್ತು ಅವರ ಊರಿನಲ್ಲಿ ಪಕ್ಕದ ಮನೆಯಲ್ಲಿದ್ದವರ ಚಿತ್ರ ನೋಡಲು ಬಂದಿದ್ದರಂತೆ, ಹಾರವೂ ಅವರಿಗೇ ತಂದದ್ದು. ಆ ಹುಬ್ಬಿನ ಮೇಲೆ ಬೆರಳಿಟ್ಟು "ಅಪ್ಪಾ" ಅನ್ನುತ್ತಿದ್ದರು. ಚಿಕ್ಕಂದಿನಲ್ಲಿ ಅವರಪ್ಪನಿಗೆ ತಾಳೆಮರದ ಮಟ್ಟೆ ಬಿದ್ದು ಅದೇ ಜಾಗ ಸೀಳಿತ್ತಂತೆ. ಯುದ್ಧದ ಕೊನೆಯ ತಿಂಗಳುಗಳಲ್ಲಿ ಗಂಜಿ ತರುತ್ತೇನೆ ಅಂತ ಪಾತ್ರೆ ಹಿಡಿದು ಹೋದವರು ವಾಪಸ್ ಬರಲಿಲ್ಲ.

"ಇದನ್ನು ಹೇಳಿದವರು ಯಾರು?" ಅಂತ ತಮಯಂತಿ ಅಕ್ಕನ ಕೈ ಹಿಡಿದರು. "ಅವರು ನಮ್ಮಪ್ಪನ್ನ ನೋಡಿದ್ದಾರೆ. ಎಲ್ಲಿ ನೋಡಿದ್ರು? ಗಂಜಿ ಸಿಕ್ಕಿತ್ತಾ? ಅಷ್ಟು ಕೇಳಿ ಸಾಕು."

ಅಕ್ಕ ನಿಂತಲ್ಲೇ ಟೊರಾಂಟೊಗೆ ಈಮೇಲ್ ಬರೆದರು. ನನ್ನ ಕೈಯಲ್ಲಿದ್ದ ಫೋನು ಗುರ್ ಅಂದಿತು.

ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ಅಕ್ಕನಿಗೆ ಹೇಳಿದೆ. ಅವರು ಬೈಯಲಿಲ್ಲ, ಉಗುರಿನ ಸಂದಿಯ ಇದ್ದಿಲು ತೊಳೆಯುತ್ತಲೇ ಇದ್ದರು. "ನನಗೆ ಹೇಳಿ ಏನು ಪ್ರಯೋಜನ?" ಅಂದರು. "ಮೆಟುಚೆನ್‌ಗೆ ರೈಲಿದೆ."

ಹೋದೆ. ಆಂಟಿಯದು ತಮಿಳು-ಇಂಗ್ಲಿಷ್, ನನ್ನದು ಇಂಗ್ಲಿಷ್ ಮತ್ತು ತಲೆತಗ್ಗಿಸುವುದು. ಟೊರಾಂಟೊದಲ್ಲಿ ಯಾರೂ ಇಲ್ಲ, ಆ ಈಮೇಲ್ ನನ್ನದೇ, ಅದು ಮೈಸೂರಿನಲ್ಲಿ ಬದುಕಿರುವ ನನ್ನ ತಾತನ ಮುಖ ಅಂತ ಹೇಳಿದೆ. ಅವರು ಅಂದರು:

"ಈ ಮೂರು ದಿನ, ಕೊನೇಲಿ ಯಾರೋ ನಮ್ಮಪ್ಪನ ಜೊತೆ ಇದ್ರು ಅಂದ್ಕೊಂಡಿದ್ದೆ, ತಂಬಿ. ಒಬ್ರೇ ಹೋಗ್ಲಿಲ್ಲ ಅಂತ. ರಾತ್ರಿ ಮಾತ್ರೆ ಇಲ್ಲದೆ ನಿದ್ದೆ ಬಂತು. ಈಗ ಏನು ಮಾಡ್ಲಿ?"

ನಾನು ಎದ್ದು ಬಾಗಿಲ ತನಕ ಬಂದಾಗ ಕರೆದರು. "ನಿಲ್ಲು. ನಿನ್ನ ತಾತನಿಗೆ ನಿಜವಾಗ್ಲೂ ಆ ಜಾಗದಲ್ಲೇ ಗಾಯ ಇದೆಯಾ? ಎಡಗಡೆ?"

"ಹೌದು, ಆಂಟಿ."

ಅವರ ಮುಖ ಸ್ವಲ್ಪ ಸಡಿಲವಾಯಿತು. "ಹಾಗಾದ್ರೆ ಇನ್ನೊಬ್ರು ಇದ್ದಾರೆ," ಅಂದರು. "ಆ ಗುರುತು ಲೋಕದಲ್ಲಿ ಎಲ್ಲೋ ಓಡಾಡ್ತಾ ಇದೆ. ಅವರದೊಂದು ಫೋಟೋ ತಂದುಕೊಡು, ಕನ್ನಡಕ ತೆಗೆದು. ಅವರಿಗೆ ನನ್ನ ನಮಸ್ಕಾರ ಹೇಳು." ನನಗೆ ಕ್ಷಮೆ ಕೊಡಲಿಲ್ಲ, ನಾನೂ ಕೇಳಲಿಲ್ಲ. ಚಿತ್ರ ಸದ್ಯಕ್ಕೆ ಹಾಗೇ ಇರಲಿ ಅಂದಿದ್ದಾರೆ, ಹಾರ ಸಮೇತ.

ಆದ್ದರಿಂದ ತಾತ, ಜೀವಂತವಾಗಿರುವ ತಮ್ಮನ್ನು ಅಲ್ಲಿ ನೇತುಹಾಕಿದ್ದಕ್ಕೆ ನನ್ನನ್ನು ಮೊದಲು ಚೆನ್ನಾಗಿ ಬೈಯಿರಿ, ಆಮೇಲೆ ಮನಸ್ಸು ಬಂದರೆ ಹರಸಿ. ಅತ್ತೆಗೆ ಹೇಳಿ ಒಂದು ತುಪ್ಪದ ದೀಪ ಹಚ್ಚಿಸಿ, ನಿಮ್ಮ ಆಯಸ್ಸಿಗೆ. ಯೋಗರಾಣಿ ಆಂಟಿಯ ಅಪ್ಪನ ಹೆಸರಲ್ಲೂ ಒಂದು.

ಇತಿ ಪದಚ್ಯುತ ಮಾಂಡಲಿಕ,
ಅನಿರುದ್ಧ

ಮರೆತ ಮಾತು: ಮರೆತದ್ದಲ್ಲ. ಇದನ್ನು ಬರೆಯದೇ ಕಾಗದ ಮಡಚಬೇಕೆಂದಿದ್ದೆ.

ತಾತ, ನಿಮ್ಮ ಹುಬ್ಬಿನ ಮೇಲೆ ಗಾಯ ಇದೆಯಾ? ನನಗೆ ಗೊತ್ತಿಲ್ಲ. ಆ ಈಮೇಲ್ ಬರೆಯಲು ಕೂತಾಗ ಬೋಳುತಲೆ ಅಂತ ಬರೆದೆ, ಆಮೇಲೆ ಏನೂ ಹೊಳೆಯಲಿಲ್ಲ. ಮೂಗು ಹೇಗೆ, ತುಟಿ ಹೇಗೆ, ಕಣ್ಣಿನ ಕೆಳಗೆ ಏನಿದೆ, ಒಂದೂ ಬರಲಿಲ್ಲ. ಆ ಅಜ್ಜಿಗೆ ಇಷ್ಟು ವರ್ಷದ ಮೇಲೂ ಮಗನ ತುಟಿ ಗೊತ್ತಿತ್ತು. ಅಮ್ಮನ ಫೋನಲ್ಲಿ ಫೋಟೋ ಹುಡುಕಬಹುದಿತ್ತು. ಹುಡುಕಿದರೆ ಗೊತ್ತಿಲ್ಲ ಅಂತ ಒಪ್ಪಿಕೊಂಡ ಹಾಗಾಗುತ್ತಿತ್ತು. ಕೆನ್ನೆ, ಹುಬ್ಬು, ಗಾಯ ಎಲ್ಲ ಬಾಯಿಗೆ ಬಂದದ್ದನ್ನು ಹಾಕಿದೆ. ಹಾರ ಬಿದ್ದಿರುವುದು ನಿಮಗಲ್ಲ. ಆಂಟಿಗೆ ಬಾಗಿಲಲ್ಲಿ ನಿಂತು ಹೇಳಿದ "ಹೌದು" ಕೂಡ ಸುಳ್ಳು.

ಈ ಕಾಗದ ನಿಮ್ಮ ಕೈ ಸೇರಿದ ಮೇಲಿನ ಭಾನುವಾರ ನಾನೇ ಕಾಲ್ ಮಾಡುತ್ತೇನೆ. ಫ್ರಿಜ್ ಕಡೆ ಹೋಗುವುದಿಲ್ಲ. ಕನ್ನಡಕ ತೆಗೆದು, ಫೋನು ಸ್ವಲ್ಪ ಕೆಳಗಿಳಿಸಿ ತಾತ.