ಹದಿನಾಲ್ಕನೆಯ ಪುಟದ ಶಿಕ್ಷಕಿ

ಸ್ಟಾಫ್ ರೂಮಿನ ಮೂಲೆಯ ಮೇಜಿನಿಂದ,
ಶನಿವಾರ ಮಧ್ಯಾಹ್ನ, ಅಕ್ಟೋಬರ್ ೧೨

ಪ್ರೀತಿಯ ಮಗಳೇ, ಗುಬ್ಬೀ,

ಹೇಗಿದ್ದೀಯ? ಕತ್ತು ನೋವು ಕಡಿಮೆಯಾಯಿತೇ? ದಿನವಿಡೀ ಕಂಪ್ಯೂಟರಿನ ಮುಂದೆ ತಲೆ ಬಗ್ಗಿಸಿ ಕೂತರೆ ಕತ್ತು ಏನು ಮಾಡಬೇಕು ಹೇಳು. ಗಂಟೆಗೊಮ್ಮೆ ಎದ್ದು ಓಡಾಡು. ನೀನು ಓಡಾಡುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ, ಅಮ್ಮಂದಿರ ಹಣೆಬರಹ. ನಿನ್ನ ಅಪ್ಪನ ಮಂಡಿ ಹಾಗೇ ಇದೆ. ಮಾತು ಮಾತ್ರ ಚೆನ್ನಾಗಿ ನಡೆದಾಡುತ್ತಿದೆ. ನಾನು ಆರೋಗ್ಯವಾಗಿದ್ದೇನೆ. ಹತ್ತು ದಿನದಿಂದ ನೀನು ಫೋನ್ ಮಾಡಿದಾಗಲೆಲ್ಲ ನಾನು ಸ್ನಾನಕ್ಕೆ ಹೋಗಿರುತ್ತೇನೆ ಎಂದು ಅಪ್ಪ ಹೇಳುತ್ತಿದ್ದಾರಲ್ಲ, ಅಷ್ಟೊಂದು ಸ್ನಾನ ಯಾರೂ ಮಾಡುವುದಿಲ್ಲ. ನಾನು ಪಕ್ಕದಲ್ಲೇ ಇರುತ್ತಿದ್ದೆ. ಫೋನಿನಲ್ಲಾದರೆ ನೀನು ಒಂದು ಸಲ ‘ಅಮ್ಮಾ’ ಎಂದರೆ ನನ್ನ ಮಾತು ಕರಗಿಹೋಗುತ್ತದೆ. ಅದಕ್ಕೇ ಕಾಗದ.

ನಮ್ಮ ವಲಯದ ಹನ್ನೊಂದು ಶಾಲೆಗಳಿಗೂ ಹೊಸ ಪಠ್ಯಕ್ರಮ ಬರುತ್ತದೆ, ಅದನ್ನು ರೂಪಿಸುವ ತಂಡದಲ್ಲಿ ನೀನಿದ್ದೀಯ ಎಂದು ತಿಳಿದ ದಿನ ನಾನು ಇದೇ ಕೋಣೆಯಲ್ಲಿ ಎಲ್ಲರಿಗೂ ಟೀ ತರಿಸಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಗಣಿತದ ಮೇಷ್ಟ್ರು ನಕ್ಕರೂ ಎರಡು ಲೋಟ ಕುಡಿದರು. ಜುಲೈಯಲ್ಲಿ ನೀನು ನಾಲ್ಕು ದಿನ ರಜೆಗೆ ಬಂದೆ. ಮೂರನೆಯ ದಿನ ನನ್ನ ಜೊತೆಗೇ ಶಾಲೆಗೆ ಹೊರಟೆ. “ಸುಮ್ನೆ ಹಿಂದೆ ಕೂತ್ಕೋತೀನಿ ಅಮ್ಮಾ, ನಿನ್ನ ಪಾಠ ಕೇಳಿ ಎಷ್ಟು ವರ್ಷ ಆಯ್ತು” ಎಂದೆ. ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ನಿನ್ನ ತೊಡೆಯ ಮೇಲೆ ನೋಟ್‌ಬುಕ್ ಇದ್ದದ್ದು ಕಂಡರೂ ಕಾಣಲಿಲ್ಲ. ಅಂದು ನಾನು ಎಂದಿಗಿಂತ ಗಟ್ಟಿಯಾಗಿ ಪಾಠ ಓದಿದೆ. ನಲವತ್ತೆರಡು ಮಕ್ಕಳೂ ಒಕ್ಕೊರಲಿನಲ್ಲಿ ನನ್ನ ಹಿಂದೆ ಹೇಳಿದರು, ಕಿಟಕಿಯ ಗಾಜು ನಡುಗುವ ಹಾಗೆ. ರಾತ್ರಿ ಊಟಕ್ಕೆ ಕೂತಾಗ, ಹೇಗಿತ್ತೇ ನನ್ನ ಪಾಠ ಎಂದು ಕೇಳಿದೆ. “ನಿನ್ನ ಗಂಟಲು ಇನ್ನೂ ಗಟ್ಟಿಯಾಗಿದೆ ಅಮ್ಮಾ” ಎಂದೆ ನೀನು. ನಾನು ಅದನ್ನು ಹೊಗಳಿಕೆ ಎಂದುಕೊಂಡು ಮರುದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ತರಬೇತಿ ಹೋದ ತಿಂಗಳ ಕೊನೆಯಲ್ಲಿ ಮೂರು ದಿನ ನಡೆಯಿತು. ಅರವತ್ತು ಜನ ಶಿಕ್ಷಕರು, ಉದ್ದನೆಯ ಹಾಲ್, ಒಂದೇ ಫ್ಯಾನಿನ ಕೆಳಗೆ ಕೂರಲು ಎಲ್ಲರಿಗೂ ಆಸೆ. ಮೊದಲ ದಿನ ಚೆನ್ನಾಗಿತ್ತು. ಸುಳ್ಳು ಹೇಳಲಾರೆ, ಹೊಸ ಓದಿನ ಪಾಠಗಳು ನಮ್ಮ ಹಳೆಯವಕ್ಕಿಂತ ಎಷ್ಟೋ ಮೇಲು. ಎರಡನೆಯ ದಿನ ನಿಮ್ಮ ಆಫೀಸಿನ ತರಬೇತಿ ಮೇಡಂ ಕೈಪಿಡಿ ಹಂಚಿ, ಹದಿನಾಲ್ಕನೆಯ ಪುಟ ತೆಗೆಯಿರಿ ಎಂದರು. ‘ಹೀಗೆ ಕಲಿಸಬಾರದು: ಒಂದು ನಿದರ್ಶನ’ ಎಂಬ ತಲೆಬರಹ. ‘ಒಬ್ಬ ಹಿರಿಯ ಶಿಕ್ಷಕಿ’ ಪಾಠ ಶುರು ಮಾಡುವ ಮುಂಚೆ ಮಕ್ಕಳಿಗೆ “ಬಾಯಿ ತೆರೀರಿ, ಬಾಗಿಲು ತೆರಕೊಳ್ಳುತ್ತೆ!” ಎನ್ನುತ್ತಾರೆ, ಆಮೇಲೆ ತಾವು ಓದಿದ್ದನ್ನೇ ಎಲ್ಲರಿಂದ ಒಕ್ಕೊರಲಿನಲ್ಲಿ ಹೇಳಿಸುತ್ತಾರೆ ಎಂದು ಬರೆದಿತ್ತು.

ಗುಬ್ಬೀ, ಆ ಮಾತನ್ನು ಮೂವತ್ತೊಂದು ವರ್ಷದಿಂದ ಈ ಊರಿನಲ್ಲಿ ಹೇಳುತ್ತಿರುವವಳು ನಾನೊಬ್ಬಳೇ. ನನ್ನ ಹತ್ತಿರ ಓದಿದವರು ಈಗ ತಮ್ಮ ಮಕ್ಕಳಿಗೆ ಊಟ ಮಾಡಿಸುವಾಗ ಅದನ್ನೇ ಹೇಳುತ್ತಾರೆ. ಡ್ರಾಯಿಂಗ್ ಟೀಚರ್ ನನ್ನ ಕಡೆ ತಿರುಗಿ, ತಕ್ಷಣ ತನ್ನ ಚಪ್ಪಲಿ ನೋಡತೊಡಗಿದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗಣಿತದ ಮೇಷ್ಟ್ರು ಮಾತ್ರ ಮೆಲ್ಲಗೆ, “ಇದು ನಿಮ್ಮ ಮಾತಲ್ವಾ ಟೀಚರ್? ಇಲ್ಲಿಗೆ ಹೇಗೆ ಬಂತು?” ಎಂದರು. ಹೇಗೆ ಬಂತೆಂದು ಹೇಳಲಿ? ನನ್ನ ಹೊಟ್ಟೆಯಿಂದಲೇ ಬಂತು.

ಅಷ್ಟಕ್ಕೇ ಮುಗಿಯಲಿಲ್ಲ. ಈ ಶಿಕ್ಷಕಿ ಎಲ್ಲೆಲ್ಲಿ ತಪ್ಪಿದ್ದಾರೆಂದು ಗುಂಪಿನಲ್ಲಿ ಚರ್ಚಿಸಿ ಚಾರ್ಟಿನಲ್ಲಿ ಬರೆಯಿರಿ ಎಂದರು ಮೇಡಂ. ಅವರಿಗೆ ಪಾಪ ಏನೂ ಗೊತ್ತಿಲ್ಲ. “ನಿಮ್ಮ ಅಕ್ಷರ ಮುತ್ತು ಪೋಣಿಸಿದ ಹಾಗಿದೆ, ನೀವೇ ಬರೀರಿ” ಎಂದು ಸ್ಕೆಚ್ ಪೆನ್ನನ್ನು ನನ್ನ ಕೈಗೇ ಕೊಟ್ಟರು. ಬರೆದೆ. ನಮ್ಮ ಗುಂಪಿನವರು ಯಾರೂ ಬಾಯಿ ಬಿಡಲಿಲ್ಲ, ಆದ್ದರಿಂದ ನಾನೇ ಯೋಚಿಸಿ ಏಳು ತಪ್ಪು ಬರೆದೆ. ಬೇರೆ ಗುಂಪುಗಳು ನಾಲ್ಕೈದರಲ್ಲೇ ನಿಂತಿದ್ದವು. ನಮ್ಮದೇ ಉತ್ತಮ ಚಾರ್ಟ್ ಎಂದು ಗೋಡೆಗೆ ಅಂಟಿಸಿದರು. ಮೂರನೆಯ ದಿನವೆಲ್ಲ ಅದರ ಕೆಳಗೆ ಕೂತು ಉಳಿದ ಪಾಠ ಕೇಳಿದೆ.

ಮನೆಗೆ ಬಂದು ನಿನ್ನ ಅಪ್ಪನಿಗೆ ಹೇಳಿದರೆ, “ಅವಳ ಕೆಲಸ ಅವಳು ಮಾಡಿದಾಳೆ. ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ” ಎಂದರು. ಎರಡು ದಿನ ಅವರ ಜೊತೆಗೂ ಮಾತು ಬಿಟ್ಟೆ. ನೀನು ಬರೆದದ್ದು ಸುಳ್ಳು ಎಂದು ಸಾಧಿಸುವ ಹಟ ನನಗೆ. ಅದೇ ಪುಟದ ಕೊನೆಯಲ್ಲಿ ಇನ್ನೊಂದು ಸಾಲಿತ್ತಲ್ಲ: ‘ಹಿಂದಿನ ಬೆಂಚಿನ ಒಬ್ಬ ಬಾಲಕಿಯ ಮುಂದೆ ಬೇರೆಯೇ ಪಾಠ ತೆರೆದಿತ್ತು. ಆಕೆ ಪುಸ್ತಕ ನೋಡದೆಯೇ ಎಲ್ಲವನ್ನೂ ಒಪ್ಪಿಸಿದಳು. ಶಿಕ್ಷಕಿಗೆ ಇದು ತಿಳಿಯಲೇ ಇಲ್ಲ.’ ಆ ಹುಡುಗಿ ದರ್ಜಿಯ ಮಗಳು. ನನ್ನ ತರಗತಿಯ ಜಾಣೆ. ಎರಡನೆಯ ತರಗತಿಯಿಂದ ನಾನೇ ಅವಳ ಟೀಚರ್.

ಸೋಮವಾರ ಆಟದ ಬಿಡುವಿನಲ್ಲಿ ಅವಳೊಬ್ಬಳನ್ನೇ ಕರೆದು, ಎಂದೂ ಓದಿಸಿರದ ಪುಸ್ತಕ ತೆರೆದು ಮುಂದಿಟ್ಟೆ. ಅವಳು ಪುಸ್ತಕ ನೋಡಲಿಲ್ಲ, ನನ್ನ ಬಾಯಿ ನೋಡಿದಳು. ಓದಮ್ಮಾ ಎಂದೆ. ನಕ್ಕು, “ನೀವು ಶುರು ಮಾಡಿ ಟೀಚರ್, ಆಮೇಲೆ ನನಗೆ ಬರುತ್ತೆ” ಎಂದಳು. ಅವಳಿಗೆ ಒಂದಕ್ಷರ ಬರುವುದಿಲ್ಲ, ಗುಬ್ಬೀ. ಕಿವಿಯಲ್ಲಿ ಹೊಕ್ಕದ್ದು ಬಾಯಲ್ಲಿ ಬರುತ್ತದೆ, ಅಷ್ಟೇ. ಓದುವುದೆಂದರೆ ಅದೇ ಎಂದು ಅವಳು ತಿಳಿದಿದ್ದಾಳೆ. ನಾನೂ ಹಾಗೇ ತಿಳಿದಿದ್ದೆನಲ್ಲ. ಆ ವಾರ ಒಬ್ಬೊಬ್ಬರನ್ನೇ ಕೂರಿಸಿಕೊಂಡು ನೋಡಿದೆ. ಇನ್ನೂ ಐವರು ಸಿಕ್ಕರು. ದರ್ಜಿಯನ್ನು ಕರೆಸಿ ಹೇಳಿದಾಗ ಆತ ಸಿಟ್ಟಾಗಲಿಲ್ಲ, ಗೊಂದಲಗೊಂಡ. “ಕಾರ್ಡಲ್ಲಿ ಚೆನ್ನಾಗಿ ಓದ್ತಾಳೆ ಅಂತ ನೀವೇ ಬರೆದಿದ್ರಲ್ಲಾ ಟೀಚರ್?” ಎಂದ. ಹೌದು, ಎರಡು ಸಲ ಬರೆದಿದ್ದೆ.

ಈಗ ನನ್ನ ಸಿಟ್ಟು ಎಲ್ಲಿದೆ ಎಂದು ಹೇಳುತ್ತೇನೆ ಕೇಳು. ಅರವತ್ತು ಜನರ ಮುಂದೆ ತಲೆ ತಗ್ಗಿದ್ದು ನೋವೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ವಯಸ್ಸಾದವರ ಮಾನ ಹೋಗಿ ಬರುತ್ತಿರುತ್ತದೆ. ಆ ಹುಡುಗಿಗೆ ಓದಲು ಬರುವುದಿಲ್ಲವೆಂದು ನಿನಗೆ ಜುಲೈಯಲ್ಲೇ ಗೊತ್ತಾಯಿತು. ಅಂದು ರಾತ್ರಿ ನನ್ನ ಎದುರಿಗೇ ಕೂತು ಊಟ ಮಾಡಿದೆ. ಒಂದೇ ಒಂದು ಮಾತು, “ಅಮ್ಮಾ, ಆ ಹಿಂದಿನ ಬೆಂಚಿನವಳನ್ನ ಒಂದ್ಸಲ ನೋಡು” ಎಂದಿದ್ದರೆ ಮರುದಿನ ಬೆಳಿಗ್ಗೆಯೇ ನೋಡುತ್ತಿದ್ದೆ. ಹೇಳಲಿಲ್ಲ. ನಿನ್ನ ಕೈಪಿಡಿಗೆ ಎತ್ತಿಟ್ಟುಕೊಂಡೆ. ಪುಸ್ತಕ ಅಚ್ಚಾಗಿ ನನ್ನ ಕೈಗೆ ಬರುವ ತನಕ ಆ ಮಗು ಮೂರು ತಿಂಗಳು ನನ್ನ ಬಾಯಿ ನೋಡುತ್ತಾ ಕೂತಿತ್ತು. ನನ್ನ ಮನಸ್ಸು ನೋಯಬಾರದೆಂದು ಸುಮ್ಮನಿದ್ದೆ ಎಂದು ಮಾತ್ರ ಬರೆಯಬೇಡ. ಮಗಳಾಗಿ ಒಳಗೆ ಬಂದು ಅಧಿಕಾರಿಯಾಗಿ ಹೊರಗೆ ಹೋದವಳು ನೀನು. ಬರುವಾಗಲೇ ಅಧಿಕಾರಿಯಾಗಿ ಬಂದಿದ್ದರೆ ಕುರ್ಚಿ ಹಾಕಿಸಿ, ತಪ್ಪೇನೆಂದು ಕೇಳಿ ಬರೆದುಕೊಳ್ಳುತ್ತಿದ್ದೆ.

ಒಕ್ಕೊರಲಿನ ಓದು ನಿಲ್ಲಿಸಿದ್ದೇನೆ. ತರಗತಿ ಈಗ ಎಷ್ಟು ಸಪ್ಪಗಿದೆಯೆಂದರೆ, ಟೀಚರ್‌ಗೆ ಹುಷಾರಿಲ್ಲವೇ ಎಂದು ಹೆಡ್ ಮೇಷ್ಟ್ರು ಇಣುಕಿ ಹೋದರು. ದಿನಾ ಶಾಲೆ ಬಿಟ್ಟ ಮೇಲೆ ಆ ಆರು ಮಕ್ಕಳ ಜೊತೆ ಅರ್ಧ ಗಂಟೆ ಕೂರುತ್ತೇನೆ, ನಿಮ್ಮ ಕೈಪಿಡಿಯನ್ನೇ ಇಟ್ಟುಕೊಂಡು. ದರ್ಜಿಯ ಮಗಳು ನಿನ್ನೆ ‘ಮರ’ ಎಂದು ತಾನೇ ಓದಿ, ಸರಿಯೇ ಎಂದು ನನ್ನ ಮುಖ ನೋಡಿದಳು. ನಾನು ಸರಿ ಎನ್ನಲೂ ಇಲ್ಲ, ತಪ್ಪು ಎನ್ನಲೂ ಇಲ್ಲ. ಪುಸ್ತಕ ನೋಡು ಎಂದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೆಲಸ ನಾಲ್ಕು ಮಕ್ಕಳಿಗೆ ನೆರಳಾಗಲಿ, ಕತ್ತಿನ ನೋವು ವಾಸಿಯಾಗಲಿ. ಅಪ್ಪ ಆಶೀರ್ವಾದ ತಿಳಿಸಿದ್ದಾರೆ.

ಇಂತಿ,
ನಿನ್ನ ಅಮ್ಮ
ಮೂರನೆಯ ತರಗತಿ, ಬಿ ವಿಭಾಗ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದೊಂದು. ಬರುವ ತಿಂಗಳು ತರಗತಿ ವೀಕ್ಷಣೆಗೆ ಬರುವವರ ಪಟ್ಟಿ ಬಂದಿದೆ, ನಮ್ಮ ಶಾಲೆಗೆ ನಿನ್ನ ಹೆಸರಿದೆ. ನನ್ನ ತರಗತಿಗೆ ನಿನ್ನನ್ನು ಕಳಿಸಬಾರದು, ಗುರುತಿಲ್ಲದ ಯಾರನ್ನಾದರೂ ಕಳಿಸಬೇಕು ಎಂದು ನಿನ್ನ ಮೇಲಧಿಕಾರಿಗೆ ಅರ್ಜಿ ಬರೆದಿದ್ದೇನೆ. ಕಾರಣ ಎಂಬಲ್ಲಿ ‘ವೀಕ್ಷಕಿ ನನ್ನ ಮಗಳು’ ಎಂದಷ್ಟೇ ಹಾಕಿದ್ದೇನೆ. ಅರ್ಜಿ ನನ್ನ ಕೈಚೀಲದಲ್ಲೇ ಇದೆ. ಈ ಕಾಗದ ನಿನಗೆ ಮುಟ್ಟಿತೆಂದು ತಿಳಿದ ಮೇಲೆಯೇ ಅದನ್ನು ಕೊಡುತ್ತೇನೆ. ನಾಲ್ಕು ಜನರ ಎದುರು ಅದನ್ನು ಓದಿ ನೀನು ತಿಳಿದುಕೊಳ್ಳುವಂತಾಗಬಾರದು.