ಅರಿಶಿಣ ಡಬ್ಬಿಯಾಗಿನ ಗುಳಗಿ

ರೀ,

ನಿಮ್ಮವ್ವನ ಕಾಲಿನ ಕೀವು ಪರೀಕ್ಷಾಕ್ಕ ಕೊಟ್ಟಿದ್ವಲ್ಲ, ರಿಪೋರ್ಟ್ ಬಂದೈತಿ. ಹತ್ತು ಔಷಧ ಹಾಕಿ ನೋಡ್ಯಾರ, ಎಂಟಕ್ಕ ಆ ಕ್ರಿಮಿ ಜಗ್ಗೇ ಇಲ್ಲಂತ. ಅಡ್ಮಿಟ್ ಮಾಡಾಕ ಕೊಪ್ಪಳಕ್ಕ ಕರಕೊಂಡು ಹೊಂಟೀನಿ.

ರೊಟ್ಟಿ ಬುಟ್ಟಿಯಾಗ ಅದಾವ. ಎಮ್ಮಿಗೆ ನೀರು ಕುಡಸ್ರಿ.

ಗದ್ದಿಯಾಗ ಕೊಯ್ದ ಭತ್ತದ ಕೂಳಿ ಅವರ ಕಾಲಿಗೆ ಚುಚ್ಚಿದಾಗ ಸಿದ್ದಾಪುರದ ಡಾಕ್ಟರ್ ಏಳು ದಿನದ ಗುಳಗಿ ಬರದುಕೊಟ್ಟಿದ್ರು. ಗಾಯ ಒಣಗೇತಿ ಅಂತ ಮೂರನೇ ದಿನಾನ ಬಿಡಿಸಿದವರು ನೀವು. ಉಳಿದದ್ದನ್ನ ಅರಿಶಿಣ ಡಬ್ಬಿಯಾಗ ಇಟ್ಟು, ಆಡಿನ ಮರಿಗೆ ಹೊಟ್ಟಿ ಕೆಟ್ರ ಒಂದು, ಪಕ್ಕದ ಮನಿ ಹುಲಗಮ್ಮಗ ನೆಗಡಿ ಬಂದ್ರ ಒಂದು ಕೊಟ್ಟು, ಛಲೋ ಕೈಗುಣ ಅಂತ ಅನಿಸಿಕೊಂಡ್ರಿ. ಅವ್ವನ ಗಾಯ ಮತ್ತ ಕೀವಾದಾಗ ಅದರಾಗಿಂದಾನ ಎರಡು ನುಂಗಿಸಿದ್ರಿ. ಹಾವು ಹೊಡದ್ರ ಪೂರಾ ಹೊಡೀಬೇಕು, ಅರ್ಧಕ್ಕ ಬಿಡಬಾರದು ಅಂತ ಊರಿಗೆಲ್ಲ ಹೇಳೋರು ನೀವ ಅಲ್ಲೇನು?

ಡಬ್ಬಿ ಹುಡುಕಬ್ಯಾಡ್ರಿ, ನನ್ನ ಚೀಲದಾಗ ಐತಿ.

ಗುಳಗಿ ಯಾರು ಬಿಡಿಸಿದ್ರು ಅಂತ ನಿನ್ನೆ ಡಾಕ್ಟರ್ ಕೇಳಿದ್ರು. ನಾ ಬಾಯಿ ತೆಗಿಯೋದ್ರಾಗ ನಿಮ್ಮವ್ವ, "ಕಹಿ ಅಂತ ನಾನ ಬಿಟ್ಟೇನ್ರಿ. ನನ್ನ ಮಗ ದಿನಾ ನೆನಪು ಮಾಡ್ತಿದ್ದ" ಅಂದ್ರು.

ಕವಿತಾ